ಇದ್ದ ಕೊಟ್ಟಿಗೆಯನ್ನು ಮತ್ತೆ ಕಟ್ಟಿದರೆ ಅದು ಹೊಸ ಕಟ್ಟಡವೇ?

ಹಟ್ಟಿಯಂಗಡಿಯಲ್ಲಿ ವಾರಾಹಿ ಹೊಳೆಯ ಕಡೆಗೆ ಇಳಿಯುವ ದಾರಿಯ ಪಕ್ಕ ಒಂದು ಮನೆ ಇದೆ ಎಂದಿಟ್ಟುಕೊಳ್ಳಿ. 20 ಸೆಂಟ್ಸ್ ಜಾಗ, ಹತ್ತು ಹನ್ನೆರಡು ತೆಂಗಿನ ಮರ, ಒಂದು ಬಾವಿ, ಹಂಚಿನ ಮನೆ. ಮನೆಯ ಹಿಂದೆ 12 ಅಡಿ ಅಗಲ, 20 ಅಡಿ ಉದ್ದದ ಕೊಟ್ಟಿಗೆ. ಹಿಂದೆ ಅಲ್ಲಿ ಎರಡು ದನ ಇದ್ದವು. ಈಗ ಅರ್ಧ ಭಾಗದಲ್ಲಿ ಒಂದು ದನ, ಉಳಿದರ್ಧದಲ್ಲಿ ಸೌದೆ, ಸುಲಿಯದ ತೆಂಗಿನಕಾಯಿ, ಒಣ ಮಡಲು. ಪಕಾಸಿಗೆ ಒರಲೆ ಹಿಡಿದು ಮಾಡು ಒಂದು ಕಡೆಗೆ ವಾಲಿದೆ. ಬೇಸಗೆಯಲ್ಲಿ ಮನೆಯವರು ಹಂಚು ಇಳಿಸಿ, ಹಳೇ ಗೋಡೆ ಕೆಡವಿ, ಅದೇ ಪಂಚಾಂಗದ, ಅಂದರೆ ಅಡಿಪಾಯದ, ಮೇಲೆ ಕೆಂಪು ಕಲ್ಲು ಕಟ್ಟಿ, ಕಬ್ಬಿಣದ ಪೈಪಿನ ಮೇಲೆ ಶೀಟು ಹಾಕಿಸಿದರು. ಗೋಡೆ ಮೊದಲಿಗಿಂತ ಎರಡು ವರಸೆ ಎತ್ತರವಾಯಿತು. ಪಕ್ಕದ ಮನೆಯವರೊಂದಿಗೆ ಮಳೆನೀರು ಹೋಗುವ ತೋಡಿನ ವಿಚಾರದಲ್ಲಿ ಮೊದಲೇ ತಕರಾರಿತ್ತು. ಪಂಚಾಯತಿಗೆ ಒಂದು ದೂರು ಅರ್ಜಿ ಹೋಯಿತು. ಪರವಾನಿಗೆ ಇಲ್ಲದೆ ಕಟ್ಟಡ ನಿರ್ಮಿಸಿದ್ದೀರಿ, ದಾಖಲೆ ಹಾಜರುಪಡಿಸಿ ಎಂಬ ನೋಟಿಸ್ ಬಂತು. ಮನೆಯ ಯಜಮಾನಿತಿಗೆ ಹೇಳಲಿಕ್ಕಿರುವುದು ಒಂದೇ ಮಾತು: "ಇದ್ದದ್ದನ್ನೇ ಕಟ್ಟದ್ ಅಲ್ದಾ ಮಾರ್ರೆ?"

ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ, ವಾದಕ್ಕೆಂದು ನಾನು ಜೋಡಿಸಿಕೊಂಡ ಚಿತ್ರ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಗ್ರಾಮ ಪಂಚಾಯತಿಯ ಮೆಟ್ಟಿಲು ಹತ್ತಿದ ಯಾರಿಗೂ ಇದು ಅಪರಿಚಿತ ಎನಿಸಲಾರದು. ಆ ಹೆಂಗಸಿನ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಅಷ್ಟಕ್ಕೇ ಒಪ್ಪಿಕೊಂಡು ಬಿಡುವಂತೆಯೂ ಇಲ್ಲ. ಮತ್ತೆ ಕಟ್ಟಿದ ಕೊಟ್ಟಿಗೆಯ ಬಗ್ಗೆ ಪಂಚಾಯತ್ ಕೇಳಬೇಕಾದ ಮೊದಲ ಪ್ರಶ್ನೆ "ಪರವಾನಿಗೆ ಎಲ್ಲಿ" ಎಂಬುದಲ್ಲ ಎಂದು ನಾನು ನಂಬುತ್ತೇನೆ. ಹಳೆಯದು ಎಲ್ಲಿತ್ತು, ಎಷ್ಟಿತ್ತು, ಯಾವುದಕ್ಕೆ ಬಳಸುತ್ತಿದ್ದರು, ಹೊಸತು ಆ ಮೂರರಲ್ಲಿ ಯಾವುದನ್ನು ಮೀರಿದೆ ಎಂಬುದನ್ನು ಮೊದಲು ನೋಡಬೇಕು. ಮೀರಿಲ್ಲವಾದರೆ ಒಂದು ತಿಳುವಳಿಕೆ ಪತ್ರ ಸಾಕು. ಮೀರಿದ್ದರೆ ಗೋಡೆ ಏಳುವ ಮೊದಲೇ, ಪಂಚಾಂಗದ ಹಂತದಲ್ಲೇ ತಡೆಯಬೇಕು. ಈಗ ನಡೆಯುತ್ತಿರುವುದು ಎರಡೂ ಅಲ್ಲ. ಯಾರಾದರೂ ದೂರು ಕೊಡುವವರೆಗೆ ಯಾರೂ ನೋಡುವುದಿಲ್ಲ, ದೂರು ಬಂದ ಮೇಲೆ ಸೌದೆ ಕೊಟ್ಟಿಗೆಯನ್ನೂ ಮೂರು ಕೋಣೆಯ ಬಾಡಿಗೆ ಕಟ್ಟಡವನ್ನೂ ಒಂದೇ ನಮೂನೆಯ ನೋಟಿಸಿನಲ್ಲಿ ಕಾಣುತ್ತಾರೆ.

ಕರಾವಳಿಯಲ್ಲಿ ಕೊಟ್ಟಿಗೆ ಎಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವೇ ಅಲ್ಲ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನೆಲ ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹುಲ್ಲಿನ ಮಾಡು, ಮಡಲಿನ ಮಾಡು ಇದ್ದ ಕಾಲದಲ್ಲಿ ಪ್ರತಿ ಬೇಸಗೆಯೂ ಹೊದಿಕೆ ಬದಲಿಸಲೇಬೇಕಿತ್ತು. ಹೊದಿಕೆ ತೆಗೆದಾಗ ಕುಂಬಾದ ಕಂಬ ಕಾಣುತ್ತಿತ್ತು, ಅದನ್ನೂ ಬದಲಿಸುತ್ತಿದ್ದರು. ಮಣ್ಣಿನ ಗೋಡೆಯ ಬುಡ ಇರಚಲಿಗೆ ಕರಗಿದರೆ ಆ ಭಾಗ ಮತ್ತೆ ಮೆತ್ತುತ್ತಿದ್ದರು. ಹೀಗೆ ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಮೊದಲಿನ ಕೊಟ್ಟಿಗೆಯ ಒಂದು ಕಡ್ಡಿಯೂ ಉಳಿದಿರುವುದಿಲ್ಲ, ಆದರೂ ಕೊಟ್ಟಿಗೆ ಅದೇ. ಆಮೇಲೆ ನಾಡ ಹಂಚು ಬಂತು, ಮಂಗಳೂರು ಹಂಚು ಬಂತು, ಮುರಕಲ್ಲಿನ ಗೋಡೆ ಬಂತು. ದುರಸ್ತಿಯ ಅವಧಿ ಒಂದು ವರ್ಷದಿಂದ ಇಪ್ಪತ್ತು ಮೂವತ್ತು ವರ್ಷಕ್ಕೆ ಜಿಗಿಯಿತು. ಈಗ ಒಳ್ಳೆಯ ಪಕಾಸು ರೀಪು ಸಿಗುವುದಿಲ್ಲ, ಸಿಕ್ಕರೂ ದುಬಾರಿ, ಹಂಚು ಹೊದೆಸಲು ಬರುವವರೂ ಕಡಿಮೆ. ಹಾಗಾಗಿ ಕೊಟ್ಟಿಗೆ ಹಾಳಾದರೆ ಒಂದೇ ಸಲಕ್ಕೆ ಬಿಚ್ಚಿ ಶೀಟು ಹಾಕಿಸುವುದು ರೂಢಿಯಾಗಿದೆ. ವರ್ಷಕ್ಕಿಷ್ಟೆಂದು ಮಾಡುತ್ತಿದ್ದ ದುರಸ್ತಿ ಒಂದೇ ತಿಂಗಳಿಗೆ ಬಂದು ನಿಂತಾಗ ಅದು ಪುನರ್ನಿರ್ಮಾಣದ ಹಾಗೆ ಕಾಣುತ್ತದೆ. ಕಾನೂನು ದುರಸ್ತಿಯನ್ನು ಒಂದು ಕಡೆ, ಮತ್ತೆ ಕಟ್ಟುವುದನ್ನು ಇನ್ನೊಂದು ಕಡೆ ಇಡುತ್ತದೆ. ಕರಾವಳಿಯ ಕೊಟ್ಟಿಗೆಯ ಮಟ್ಟಿಗೆ ಆ ಗೆರೆಯನ್ನು ಎಲ್ಲಿ ಎಳೆಯುವುದು ಎಂದು ಹೇಳುವುದು ನಿಜಕ್ಕೂ ಕಷ್ಟ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇಲ್ಲಿ ಎರಡು ಕಾಯಿದೆಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ಕೊಟ್ಟಿಗೆಯ ಮೇಲೆ ಕೂರುತ್ತವೆ. 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 95ನೇ ಕಲಂ ಕೃಷಿ ಜಮೀನಿನ ಒಡೆಯರಿಗೆ ಬೇಸಾಯದ ಅನುಕೂಲಕ್ಕಾಗಿ ತೋಟದ ಕಟ್ಟಡ, ಬಾವಿ, ಕೆರೆ ಮಾಡಿಕೊಳ್ಳುವ ಹಕ್ಕನ್ನು ಕೊಡುತ್ತದೆ. ತೋಟದ ಮನೆ ಎಂದರೆ ಏನೆಂಬ ವಿವರಣೆಯೂ ಅಲ್ಲೇ ಇದೆ. ಕೃಷಿಕರ ವಾಸಕ್ಕೆ, ಅಥವಾ ಕೃಷಿ ಸಲಕರಣೆ ಇಡಲಿಕ್ಕೆ, ದನ ಕಟ್ಟಲಿಕ್ಕೆ ಬಳಸುವ ಕಟ್ಟಡ ಅದು, ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಾಗಿ ಯಾರಿಗೂ ಬಾಡಿಗೆಗೆ ಕೊಡಬಾರದು. ಇಷ್ಟರ ಮಟ್ಟಿಗೆ ಕೊಟ್ಟಿಗೆ ಕಟ್ಟಿಕೊಳ್ಳುವವರ ಪರವಾಗಿಯೇ ಕಾನೂನು ನಿಂತಿದೆ, ಇದಕ್ಕೆ ಭೂ ಪರಿವರ್ತನೆ ಬೇಕಿಲ್ಲ. ಆದರೆ ಅದೇ ಕಲಂ "ಕಟ್ಟಡ ನಿರ್ಮಾಣದ ಬಗ್ಗೆ ಜಾರಿಯಲ್ಲಿರುವ ಬೇರೆ ಕಾನೂನಿಗೆ ಒಳಪಟ್ಟು" ಎಂದೂ ಸೇರಿಸುತ್ತದೆ. ಆ ಬೇರೆ ಕಾನೂನು 1993ರ ಪಂಚಾಯತ್ ರಾಜ್ ಕಾಯಿದೆ. ಅದರ 64ನೇ ಕಲಮಿನ ಪ್ರಕಾರ ಕಟ್ಟಡ ಕಟ್ಟಲಿಕ್ಕೆ, ಇದ್ದದ್ದನ್ನು ಮಾರ್ಪಡಿಸಲಿಕ್ಕೆ, ಮತ್ತೆ ಕಟ್ಟಲಿಕ್ಕೆ ಗ್ರಾಮ ಪಂಚಾಯತಿಯ ಲಿಖಿತ ಅನುಮತಿ ಬೇಕು. ಹಾಗಾಗಿ ನಮ್ಮ ಯಜಮಾನಿತಿಗೆ ಜಮೀನಿನ ಕಾನೂನಿನಲ್ಲಿ ಹಕ್ಕಿದೆ, ಪಂಚಾಯತ್ ಕಾನೂನಿನಲ್ಲಿ ಲೋಪವಿದೆ. ನೋಟಿಸ್ ಕೊಟ್ಟ ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಪ್ಪು ಮಾಡಿಲ್ಲ. ಆದರೆ ಆ ಲೋಪ ಎಷ್ಟು ಸಣ್ಣದು ಎಂದು ಅಳೆಯಲು ಅವರ ಕೈಯಲ್ಲಿ ಯಾವ ಸಾಧನವೂ ಇಲ್ಲ.

95ನೇ ಕಲಮಿನಲ್ಲಿ ಇನ್ನೊಂದು ಮಿತಿ ಇದೆ, ಅದರ ಬಿಸಿ ತಟ್ಟುವುದು ಸಣ್ಣ ಹಿಡುವಳಿದಾರರಿಗೆ. ತೋಟದ ಮನೆ ಹಿಡುವಳಿಯ ಶೇ. 10 ಮೀರಬಾರದು, ಅದರ ಮೇಲೂ ಒಂದು ಗರಿಷ್ಠ ಮಿತಿ ಉಂಟು. ಬಯಲುಸೀಮೆಯಲ್ಲಿ ನಾಲ್ಕು ಎಕರೆ ಇರುವವರಿಗೆ ಹತ್ತನೇ ಒಂದು ಪಾಲು ಎಂದರೆ 40 ಸೆಂಟ್ಸ್. 20 ಸೆಂಟ್ಸಿನವರಿಗೆ 2 ಸೆಂಟ್ಸ್, ಅಂದರೆ ಸುಮಾರು 871 ಚದರ ಅಡಿ. 800 ಚದರ ಅಡಿಯ ಮನೆಯ ಜೊತೆಗೆ ನಮ್ಮ 240 ಚದರ ಅಡಿಯ ಕೊಟ್ಟಿಗೆಯನ್ನೂ ಕೂಡಿದರೆ ಮಿತಿ ಮೀರಿಯೇ ಹೋಯಿತು. ಅದೇ ಒಂದು ದನ, ಅದೇ ಸೌದೆ, ಆದರೆ ಜಾಗ ಕಡಿಮೆ ಇದ್ದವರೇ ಹೆಚ್ಚು ತಪ್ಪಿತಸ್ಥರು. ನಾಲ್ಕು ಎಕರೆಯವರಿಗೆ ಅನ್ವಯಿಸುವ ಲೆಕ್ಕವನ್ನೇ ಪಾಲಾಗಿ ಪಾಲಾಗಿ ಸೆಂಟ್ಸಿಗೆ ಇಳಿದಿರುವ ಕರಾವಳಿಯ ಹಿಡುವಳಿಗೂ ಹಾಕುವುದು ನ್ಯಾಯವಲ್ಲ ಎಂದೇ ನನಗೆ ಅನಿಸುತ್ತದೆ.

ಇದರ ಬೇರು ನಮ್ಮ ಊರುಗಳ ಆಕಾರದಲ್ಲೇ ಇದೆ. ಘಟ್ಟದ ಮೇಲೆ ಊರೆಂದರೆ ಮನೆಗಳ ಒಂದು ಗುಂಪು, ಅದರ ಸುತ್ತ ಹೊಲ. ಸರ್ಕಾರಿ ಭಾಷೆಯಲ್ಲಿ ಆ ಗುಂಪು ಗ್ರಾಮಠಾಣ. ಇಲ್ಲಿ ಹಾಗಿಲ್ಲ. ಹಟ್ಟಿಯಂಗಡಿಯಾಗಲಿ, ತಲ್ಲೂರಾಗಲಿ, ಬಸ್ರೂರಿನ ಆಚೀಚೆಯ ಗ್ರಾಮಗಳಾಗಲಿ, ಪ್ರತಿ ಮನೆಯೂ ತನ್ನ ತೋಟದ ನಡುವೆ, ಗದ್ದೆಯ ಅಂಚಿನಲ್ಲಿ ಬಿಡಿಬಿಡಿಯಾಗಿ ನಿಂತಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಅಳೆಯುವುದು ಗ್ರಾಮದ ವಸತಿ ಪ್ರದೇಶವನ್ನು. ಪಂಚಾಯತಿಯ ಇ-ಸ್ವತ್ತು ತಂತ್ರಾಂಶದಲ್ಲಿ 9 ಮತ್ತು 11ನೇ ನಮೂನೆ ಸುಲಭವಾಗಿ ಸಿಗಬೇಕಾದರೂ ಜಾಗ ಗ್ರಾಮಠಾಣದ್ದಾಗಿರಬೇಕು ಅಥವಾ ಪರಿವರ್ತನೆ ಆಗಿರಬೇಕು. "ನೈನ್ ಇಲೆವೆನ್ ಆಗಲಿಲ್ಲ" ಎಂಬ ಗೋಳು ಉಡುಪಿ ಜಿಲ್ಲೆಯ ಯಾವ ಗ್ರಾಮಸಭೆಯಲ್ಲೂ ಹೊಸತಲ್ಲ. ಮನೆಯ ಕಾಗದಕ್ಕೇ ಈ ಪಾಡು, ಮನೆಯ ಹಿಂದಿನ ಕೊಟ್ಟಿಗೆಗೆ ಕಾಗದ ಎಲ್ಲಿಂದ ಬರಬೇಕು?

ಹಳೆಯ ದಾಖಲೆ ಹುಡುಕಿದರೂ ಪ್ರಯೋಜನವಿಲ್ಲ. ನಮ್ಮ ಊರುಗಳೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಆ ಕಾಲದ ದಾಖಲೆ ಲೆಕ್ಕ ಹಾಕುತ್ತಿದ್ದುದು ಜಮೀನನ್ನು, ಬೆಳೆಯನ್ನು, ತೀರ್ವೆಯನ್ನು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಜಾಗ ಬಂತು. ನ್ಯಾಯಮಂಡಳಿ ಗದ್ದೆ ತೋಟದ ಸರ್ವೆ ನಂಬ್ರ ನೋಡಿತು, ಹಿತ್ತಿಲಿನ ಹುಲ್ಲಿನ ಮಾಡಿನ ಕೊಟ್ಟಿಗೆಯನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಹಾಗಾಗಿ ಅಜ್ಜನ ಕಾಲದಿಂದ ಇದ್ದ ಕಟ್ಟಡಕ್ಕೆ ಅದು ಇತ್ತು ಎಂಬುದಕ್ಕೇ ಪುರಾವೆ ಇಲ್ಲ. ಕೆಡವಿದ ಮರುದಿನ ಅದು ಎಂದೂ ಇರಲಿಲ್ಲ ಎಂದು ದೂರುದಾರರು ಹೇಳಬಹುದು, ಇದರ ಎರಡರಷ್ಟಿತ್ತು ಎಂದು ಕಟ್ಟಿದವರೂ ಹೇಳಬಹುದು. ನಿರ್ಧರಿಸಬೇಕಾದ ಅಧಿಕಾರಿಯ ಮುಂದೆ ಎರಡು ಬಾಯಿಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ.

ಹೊಳೆ ಬದಿಯವರಿಗೆ ಇದು ಇನ್ನೂ ಕಠಿಣ. ವಾರಾಹಿ ಮುಂದೆ ಹೋಗಿ ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ ನದಿಗಳ ಜೊತೆ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಉಬ್ಬರದ ನೀರು ಒಳನಾಡಿಗೆ ಏರಿಬರುವ ಹೊಳೆ ಇದು, ಬಸ್ರೂರು ಶತಮಾನಗಳ ಕಾಲ ಬಂದರಾಗಿದ್ದುದು ಇದೇ ನೀರಿನ ಬಲದಿಂದ. ಬೇಸಗೆಯಲ್ಲಿ ಉಪ್ಪಿನಂಶ ನಿಗದಿತ ಮಟ್ಟ ಮುಟ್ಟುವ ಜಾಗದವರೆಗೂ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊಳೆಯ ದಂಡೆಗೂ ಅನ್ವಯಿಸುತ್ತದೆ. 2011ರ ಅಧಿಸೂಚನೆಯಲ್ಲಿ ಉಬ್ಬರದ ಗೆರೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2019ರದ್ದರಲ್ಲಿ ಆ 100 ಮೀಟರ್ 50ಕ್ಕೆ ಇಳಿಯಿತು. ಗ್ರಾಮಾಂತರ ಭಾಗದ ನಿರ್ಮಾಣ ನಿಷಿದ್ಧ ವಲಯದಲ್ಲೂ ಈ ಅಧಿಸೂಚನೆ ಒಂದು ವಿನಾಯಿತಿ ಕೊಟ್ಟಿದೆ, ಅದು ನಮ್ಮ ವಿಷಯದ ಮೇಲೇ ಬರೆದಂತಿದೆ. ಈಗಾಗಲೇ ಇರುವ ಅಧಿಕೃತ ಕಟ್ಟಡವನ್ನು ದುರಸ್ತಿ ಮಾಡಬಹುದು, ಮತ್ತೆ ಕಟ್ಟಬಹುದು, ಆದರೆ ಇದ್ದ ತಳದ ವಿಸ್ತೀರ್ಣ, ಇದ್ದ ನೆಲ ವಿಸ್ತೀರ್ಣದ ಅನುಪಾತ, ಇದ್ದ ಸಾಂದ್ರತೆ ಮೀರಬಾರದು.

ಅಳತೆ ಮೀರದಿದ್ದರೆ ಮತ್ತೆ ಕಟ್ಟಬಹುದು ಎಂಬ ತತ್ವ ನನಗೆ ಪೂರ್ತಿ ಒಪ್ಪಿಗೆ. ಹೊಳೆಯ ಹತ್ತಿರದ ಸೂಕ್ಷ್ಮ ನೆಲದಲ್ಲೇ ಇದು ಸಾಧ್ಯವೆಂದ ಮೇಲೆ ಮೇಲಿನ ತೋಟದಲ್ಲಿ ಯಾಕೆ ಸಾಧ್ಯವಿಲ್ಲ? ತೊಡಕಿರುವುದು "ಅಧಿಕೃತ" ಎಂಬ ಷರತ್ತಿನಲ್ಲಿ. ಅನುಮತಿ ಕೊಡುವ ಪದ್ಧತಿಯೇ ಇಲ್ಲದ ಕಾಲದ ಕೊಟ್ಟಿಗೆ ಯಾವ ಕಾಗದದಿಂದ ಅಧಿಕೃತವಾಗಬೇಕು? ಕಟ್ಟಿದಾಗ ಯಾವ ಕಾನೂನನ್ನೂ ಮುರಿಯದ ಕಟ್ಟಡ ಅಧಿಕೃತವೇ ಎಂದು ಸರ್ಕಾರ ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದರೆ ಹೊಳೆಬದಿಯ ಎಷ್ಟೋ ಕುಟುಂಬಗಳ ಆತಂಕ ಹೋಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. "ಇದ್ದದ್ದನ್ನೇ ಕಟ್ಟಿದ್ದು" ಎಂಬ ಮಾತಿನ ಮರೆಯಲ್ಲಿ ಬೇರೇನೋ ಎದ್ದು ನಿಲ್ಲುವುದನ್ನೂ ನಾವು ನೋಡುತ್ತೇವೆ. ಕೊಟ್ಟಿಗೆ ಎಂದು ಕಟ್ಟಿ ಮುಗಿಸುವಾಗ ಅದಕ್ಕೆ ಕಿಟಕಿ ಬರುತ್ತದೆ, ಟೈಲ್ಸ್ ಬರುತ್ತದೆ, ಮೂಲೆಯಲ್ಲಿ ಶೌಚಾಲಯ ಬರುತ್ತದೆ. ಮರುವರ್ಷ ಎರಡು ಕೋಣೆ ಬಾಡಿಗೆಗೆ. ದೇವಸ್ಥಾನಕ್ಕೋ ಕಡಲಿಗೋ ಹೋಗುವ ದಾರಿಯಲ್ಲಿದ್ದರೆ ಅಂಗಡಿ, ಹೋಂಸ್ಟೇ. ಸೌದೆ ಕೊಟ್ಟಿಗೆಗೆ ಶೌಚದ ಗುಂಡಿ ಬೇಕಿರಲಿಲ್ಲ, ಬಾಡಿಗೆ ಕೋಣೆಗೆ ಬೇಕು. ಮುರಕಲ್ಲಿನ ನೆಲ ತೂತುತೂತಾಗಿರುತ್ತದೆ, ಮಳೆಗಾಲದಲ್ಲಿ ನೆಲದ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಗುಂಡಿಯ ನೀರು ಪಕ್ಕದ ಮನೆಯ ಬಾವಿಗೆ ಇಳಿಯಲು ಹೆಚ್ಚು ದಿನ ಬೇಡ. ಮನೆಗೊಂದು ಬಾವಿ ಇರುವ, ಆ ನೀರನ್ನೇ ಕುಡಿಯುವ ಊರಲ್ಲಿ ಇದು ಹುಡುಗಾಟಿಕೆಯಲ್ಲ. ಗೋಡೆ ಎರಡಡಿ ಮುಂದೆ ಬಂದರೆ ತೋಡು ಕಿರಿದಾಗಿ ಮೇಲಿನವರ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ದೂರು ಕೊಟ್ಟ ನೆರೆಯವರನ್ನು ಹೊಟ್ಟೆಕಿಚ್ಚಿನವರು ಎಂದು ಕರೆಯುವುದು ನಮ್ಮಲ್ಲಿ ಬಹಳ ಸುಲಭ. ಕೆಲವು ದೂರು ಹಾಗಿರುವುದೂ ಹೌದು. ಆದರೆ ಹಲವು ದೂರುಗಳ ಹಿಂದೆ ಕೆಟ್ಟುಹೋದ ಬಾವಿ, ಮುಚ್ಚಿಹೋದ ದಾರಿ ಇರುತ್ತದೆ.

ಈ ವಿಷಯದಲ್ಲಿ ದೇಶಕ್ಕೇ ಆಧಾರವಾದ ತೀರ್ಪೊಂದು ಹುಟ್ಟಿದ್ದು ನಮ್ಮ ಉಡುಪಿಯಿಂದ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೆ. ರಾಮದಾಸ ಶೆಣೈ ಅವರು ಉಡುಪಿ ಪುರಸಭೆಯ ಮೇಲೆ ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 1974ರಲ್ಲಿ ತೀರ್ಮಾನಿಸಿತು. ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಸಭಾಂಗಣ ಎಂದು ಪರವಾನಿಗೆ ಪಡೆದ ಕಟ್ಟಡವನ್ನು ಸಿನಿಮಾ ಮಂದಿರವಾಗಿ ಬದಲಿಸಲು ಪುರಸಭೆ ಒಪ್ಪಿತ್ತು. ಅದು ವಸತಿ ಪ್ರದೇಶ, ನಗರ ಯೋಜನೆಯ ಪ್ರಕಾರ ಅಲ್ಲಿ ಚಿತ್ರಮಂದಿರಕ್ಕೆ ಅವಕಾಶವಿರಲಿಲ್ಲ. ಪುರಸಭೆಯ ನಿರ್ಣಯ ಯೋಜನೆಗೆ ವಿರುದ್ಧ ಎಂದು ಹೈಕೋರ್ಟು ಒಪ್ಪಿದರೂ ಕಟ್ಟುವವರು ಈಗಾಗಲೇ ಹಣ ಹಾಕಿರಬಹುದು ಎಂಬ ಕಾರಣಕ್ಕೆ ಅದನ್ನು ರದ್ದು ಮಾಡಿರಲಿಲ್ಲ. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಹಣ ಖರ್ಚಾಗಿದೆ ಎಂಬುದರಿಂದ ಕಾನೂನುಬಾಹಿರವಾದದ್ದು ಕ್ರಮಬದ್ಧವಾಗುವುದಿಲ್ಲ, ಯೋಜನೆಯನ್ನು ಪಾಲಿಸುವಂತೆ ಸ್ಥಳೀಯ ಸಂಸ್ಥೆಯನ್ನು ಕೇಳುವ ಹಕ್ಕು ಆ ಪ್ರದೇಶದ ನಿವಾಸಿಗಳಿಗೆ ಇದೆ ಎಂಬುದು ಅದರ ತೀರ್ಮಾನ.

ಹಾಗಾಗಿ ನೆರೆಯವರ ಹಕ್ಕನ್ನು ನಾನು ಕೊಟ್ಟಿಗೆಯವರ ಹಕ್ಕಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ಆ ಮೊಕದ್ದಮೆ ನಿಂತದ್ದು ಯಾವುದರ ಮೇಲೆ ಎಂಬುದನ್ನು ಗಮನಿಸಬೇಕು. ಉಪಯೋಗ ಬದಲಾಗಿತ್ತು, ಆ ಬದಲಾವಣೆಯಿಂದ ಸುತ್ತಲಿನವರ ಬದುಕಿಗೆ ಹೊಡೆತ ಬೀಳುತ್ತಿತ್ತು. ಸೌದೆ ಇದ್ದಲ್ಲಿ ಸೌದೆಯೇ ಇರುವ, ಇದ್ದಷ್ಟೇ ಅಗಲದ ಮಾಡಿಗೆ ಅದೇ ತೀರ್ಪನ್ನು ಹಿಡಿದು ತರುವುದು ಅದರ ಆಶಯಕ್ಕೆ ಮಾಡುವ ಅನ್ಯಾಯ. ಇನ್ನೊಂದು ಮಾತೂ ಅದರೊಳಗಿದೆ. ಹಣ ಹಾಕಿದ್ದು ಸಮರ್ಥನೆಯಾಗದು ಎಂದರೆ ಹಣ ಹಾಕುವ ಮೊದಲೇ ತಡೆಯುವ ಹೊಣೆ ಸ್ಥಳೀಯ ಸಂಸ್ಥೆಯ ಮೇಲೆ ಇನ್ನಷ್ಟು ಭಾರವಾಗಿ ಬೀಳುತ್ತದೆ.

ನಮ್ಮ ಪಂಚಾಯತಿಗಳು ಎಡವುವುದು ಅಲ್ಲೇ. ಕಲ್ಲಿನ ಲಾರಿ ಬಂದು ರಸ್ತೆ ಬದಿಯಲ್ಲಿ ಸುರಿಯುವುದನ್ನು ಇಡೀ ವಾರ್ಡು ನೋಡುತ್ತದೆ, ಸದಸ್ಯರೂ ನೋಡುತ್ತಾರೆ. ಪಂಚಾಂಗ ಎದ್ದಾಗ ಒಂದು ಟೇಪು ಹಿಡಿದು ಅಳೆದಿದ್ದರೆ ಎರಡು ಅಡಿ ಹಿಂದೆ ಸರಿಸಲು ಅರ್ಧ ದಿನದ ಕೂಲಿ ಸಾಕಿತ್ತು. ಆಗ ಯಾರೂ ಬರುವುದಿಲ್ಲ. ಸಾರಣೆ ಮುಗಿದು, ಶೀಟು ಕೂತು, ಸೊಸೈಟಿಯ ಸಾಲ ಕರಗಿದ ಮೇಲೆ ನೋಟಿಸ್ ಬರುತ್ತದೆ. ಆ ಹಂತದಲ್ಲಿ ಕೆಡವುವುದು ಕ್ರೌರ್ಯವಾಗಿ ಕಾಣುತ್ತದೆ, ಕೆಡವದೆ ಬಿಡುವುದು ಪಕ್ಷಪಾತವಾಗಿ ಕಾಣುತ್ತದೆ. ಹಾಗಾಗಿ ಎರಡೂ ಆಗದೆ ಕಡತ ಕಪಾಟಿಗೆ ಹೋಗುತ್ತದೆ, ಮುಂದಿನ ಚುನಾವಣೆಯ ಹೊತ್ತಿಗೋ ಮುಂದಿನ ಜಗಳದ ಹೊತ್ತಿಗೋ ಮತ್ತೆ ಹೊರಬರುತ್ತದೆ. ಬಡವರ ಪಾಲಿಗೆ ಇದು ಕೆಡವುವುದಕ್ಕಿಂತಲೂ ಕಷ್ಟದ್ದು. ಯಾರನ್ನಾದರೂ ಎದುರು ಹಾಕಿಕೊಂಡರೆ ಕೊಟ್ಟಿಗೆಯ ಕಡತ ಏಳುತ್ತದೆ ಎಂಬ ಹೆದರಿಕೆಯಲ್ಲೇ ವರ್ಷಗಟ್ಟಲೆ ಬದುಕಬೇಕು.

ಇತ್ತೀಚಿನ ಎರಡು ತೀರ್ಪುಗಳು ಈ ವಿಷಯವನ್ನು ಬಿಸಿ ಮಾಡಿವೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಕಟ್ಟಡ ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸ್, ಮಾಲೀಕರ ಅಹವಾಲಿಗೆ ಅವಕಾಶ, ಕಾರಣ ಸಹಿತ ಆದೇಶ, ಕೆಡವುವುದರ ವೀಡಿಯೊ ಚಿತ್ರೀಕರಣ ಬೇಕೆಂದು ಹೇಳಿತು. ರಸ್ತೆ, ಕಾಲುದಾರಿ, ನದಿ, ಕೆರೆಗಳಂಥ ಸಾರ್ವಜನಿಕ ಜಾಗದ ಅತಿಕ್ರಮಣಕ್ಕೆ ಈ ರಕ್ಷಣೆ ಇಲ್ಲ. ಅದೇ ವರ್ಷ ಡಿಸೆಂಬರ್ 17ರಂದು, ಮೀರತ್‌ನ ಒಂದು ಪ್ರಕರಣದಲ್ಲಿ, ಕಟ್ಟಡ ನಕ್ಷೆಯಂತೆ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಇಲ್ಲದೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬಾರದು ಎಂದಿತು. ಅದರ ಬೆನ್ನಿಗೆ 2025ರಲ್ಲಿ ಕರ್ನಾಟಕದ ವಿದ್ಯುತ್ ಕಂಪನಿಗಳು ಹೊಸ ಸಂಪರ್ಕಕ್ಕೆ ಆ ಪತ್ರ ಕೇಳತೊಡಗಿ ಸಾವಿರಾರು ಮನೆಗಳ ಅರ್ಜಿ ಸಿಕ್ಕಿಕೊಂಡದ್ದು ನೆನಪಿರಬಹುದು. ಎರಡೂ ತೀರ್ಪು ನಗರದ ಬಹುಮಹಡಿಗಳನ್ನು, ಬುಲ್ಡೋಜರಿನ ಅಬ್ಬರವನ್ನು ಕಂಡು ಬಂದವು. ಹಳ್ಳಿಗೆ ಇಳಿದಾಗ ಮೊದಲನೆಯದು ಕೊಟ್ಟಿಗೆಯವರಿಗೆ ಸ್ವಲ್ಪ ಉಸಿರು ಕೊಟ್ಟಿತು. ಎರಡನೆಯದನ್ನು ಅಳತೆ ನೋಡದೆ ಅನ್ವಯಿಸಿದರೆ ಪಂಪಿನ ಶೆಡ್ಡಿಗೂ ಪ್ರಮಾಣಪತ್ರ ಕೇಳುವ ದಿನ ಬರುತ್ತದೆ.

ಹಾಗಾದರೆ ದಾರಿ ಏನು? ಹೊಸ ಇಲಾಖೆ ಬೇಡ, ಹೊಸ ಕಾಯಿದೆಯೂ ಬೇಡ. ಬೇಕಾದ ಉಪಾಯ ಪಂಚಾಯತಿಯ ಕೈಗೆ ಆಗಲೇ ಬಂದಿದೆ. ನರೇಗಾ ಯೋಜನೆಯಲ್ಲಿ ನಮ್ಮ ರಾಜ್ಯದ ಪಂಚಾಯತಿಗಳೇ ದನದ ಕೊಟ್ಟಿಗೆ ಕಟ್ಟಲು ನೆರವು ಕೊಟ್ಟವು, ಅದು 57,000 ರೂಪಾಯಿಯವರೆಗೆ ಏರಿತ್ತು. ಆ ಹಣ ಸಿಗಬೇಕಾದರೆ ಕೆಲಸಕ್ಕೆ ಮೊದಲು ಒಂದು, ನಡುವೆ ಒಂದು, ಮುಗಿದ ಮೇಲೆ ಒಂದು ಎಂದು ಮೂರು ಹಂತದ ಫೋಟೊ, ಜಾಗದ ಅಕ್ಷಾಂಶ ರೇಖಾಂಶದ ಸಮೇತ, ದಾಖಲಾಗಬೇಕಿತ್ತು. ಖಾಲಿ ಜಾಗದ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ಹೊಡೆಯುವ ಸಿಬ್ಬಂದಿಯನ್ನು ನೋಡದ ಹಳ್ಳಿ ಇಲ್ಲ. ಮಳೆಗಾಳಿಗೆ ಕೊಟ್ಟಿಗೆ ಬಿದ್ದರೂ ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡುತ್ತಾರೆ, ವಿಪತ್ತು ಪರಿಹಾರದ ಮಾನದಂಡದಲ್ಲಿ ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000 ರೂಪಾಯಿ ಇದೆ. ಸರ್ಕಾರದ ಹಣ ಕೊಡುವಾಗ ಕೊಟ್ಟಿಗೆ ಇತ್ತು ಎಂದು ಬರೆದುಕೊಳ್ಳಲು ಬರುತ್ತದೆ. ಸ್ವಂತ ಹಣದಲ್ಲಿ ಕಟ್ಟಿಕೊಳ್ಳುವವರಿಗೆ ಅದೇ ದಾಖಲೆ ಮಾಡಿಕೊಡಲು ಯಾಕೆ ಬರುವುದಿಲ್ಲ?

ನಾನು ಕೇಳುವುದು ಇಷ್ಟು. ಹಳೇ ಕೊಟ್ಟಿಗೆ ಬಿಚ್ಚುವ ಮೊದಲು ಮನೆಯವರು ಪಂಚಾಯತಿಗೆ ಒಂದು ಹಾಳೆಯ ತಿಳುವಳಿಕೆ ಕೊಡಲಿ. ಉದ್ದ, ಅಗಲ, ಎತ್ತರ, ಗಡಿಯಿಂದ ಮತ್ತು ಬಾವಿಯಿಂದ ಎಷ್ಟು ದೂರ, ಯಾವುದಕ್ಕೆ ಬಳಕೆ, ಜೊತೆಗೆ ಫೋಟೊ. ಸಿಬ್ಬಂದಿ ಒಮ್ಮೆ ಬಂದು ಅಳೆದು, ಪಕ್ಕದ ಮನೆಯವರ ಎದುರೇ ಸಹಿ ಹಾಕಿಸಿಕೊಳ್ಳಲಿ. ಅದೇ ಜಾಗ, ಅದೇ ಅಳತೆ, ಅದೇ ಬಳಕೆ ಆದರೆ 64ನೇ ಕಲಮಿನ ಅನುಮತಿಯನ್ನು ಆ ಹಾಳೆಯ ಮೇಲೇ ಕೊಡಲಿ. ಪಂಚಾಂಗ ಎದ್ದಾಗ ಮತ್ತೊಮ್ಮೆ ಬರಲಿ, ಆ ಭೇಟಿ ತಪ್ಪಬಾರದು. ಅಳತೆ ಹೆಚ್ಚಿದರೆ, ಶೌಚಾಲಯ ಸೇರಿದರೆ, ಬಾಡಿಗೆಯ ಉದ್ದೇಶವಿದ್ದರೆ ಆಗ ಪೂರ್ತಿ ಪರವಾನಿಗೆ, ನಕ್ಷೆ, ಆಕ್ಷೇಪಣೆಗೆ ಅವಕಾಶ ಎಲ್ಲವೂ ಬೇಕು, ಅಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ಇಂಥ ಒಂದು ವ್ಯವಸ್ಥೆ ಬಹುಕಾಲದಿಂದ ಇದೆ. ಮನೆಯ ಹಿತ್ತಿಲಿನ ಶೆಡ್ಡಿಗೆ ಸಾಮಾನ್ಯವಾಗಿ ಅರ್ಜಿಯೇ ಬೇಡ, ಬೇಲಿಯಿಂದ ಎರಡು ಮೀಟರಿನೊಳಗಿದ್ದರೆ ಎತ್ತರ ಎರಡೂವರೆ ಮೀಟರ್ ಮೀರಬಾರದು, ಕಟ್ಟಡಗಳೆಲ್ಲ ಸೇರಿ ಹಿತ್ತಿಲಿನ ಅರ್ಧಕ್ಕಿಂತ ಹೆಚ್ಚು ಜಾಗ ತಿನ್ನಬಾರದು ಎಂಬಂಥ ಷರತ್ತುಗಳನ್ನು ಪಾಲಿಸಿದರಾಯಿತು. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಕ್ರಮ ಜರುಗಿಸಲು ಇರುವ ಕಾಲಮಿತಿ. ಅನುಮತಿ ಇಲ್ಲದೆ ಕಟ್ಟಿದ್ದರೂ ನಾಲ್ಕು ವರ್ಷ ಕಳೆದ ಮೇಲೆ ಕ್ರಮವಿಲ್ಲ ಎಂದಿತ್ತು, 2024ರ ಏಪ್ರಿಲ್‌ನಿಂದ ಅದನ್ನು ಹತ್ತು ವರ್ಷಕ್ಕೆ ಏರಿಸಿದ್ದಾರೆ. ಹತ್ತು ವರ್ಷ ಕಣ್ಣು ಮುಚ್ಚಿಕೊಂಡಿದ್ದ ಅಧಿಕಾರಕ್ಕೆ ಹನ್ನೊಂದನೇ ವರ್ಷ ಎಚ್ಚರಾಗುವ ಹಕ್ಕಿಲ್ಲ. ನಮ್ಮ ಸಣ್ಣ ಕೊಟ್ಟಿಗೆಗಳಿಗೂ ಅಂಥ ಒಂದು ಗಡುವು ಬೇಕು. ಅದರ ಪ್ರಯೋಜನ ಹೊಳೆ, ತೋಡು, ರಸ್ತೆ ನುಂಗಿದ ಕಟ್ಟಡಕ್ಕೆ ಸಿಗಬಾರದು.

ಕೊಟ್ಟಿಗೆ ಅಳೆದು ಬರೆದಿಡುವ ನನ್ನ ಸಲಹೆಗೆ ಎರಡು ಆಕ್ಷೇಪ ಬರುತ್ತವೆ. ಇದ್ದ ಸಿಬ್ಬಂದಿಗೇ ಕೆಲಸ ತುಂಬಿ ತುಳುಕುತ್ತಿದೆ, ಕೊಟ್ಟಿಗೆ ಅಳೆಯಲು ಯಾರಿದ್ದಾರೆ ಎನ್ನುವುದು ಒಂದು. ಈಗ ಒಂದು ದೂರಿನ ಹಿಂದೆ ಆಗುವ ಸ್ಥಳ ಪರಿಶೀಲನೆ, ನೋಟಿಸ್, ಉತ್ತರ, ಮರುನೋಟಿಸ್, ತಾಲೂಕು ಪಂಚಾಯತಿಯ ಪತ್ರವ್ಯವಹಾರ, ಕೋರ್ಟಿನ ಓಡಾಟ ಲೆಕ್ಕ ಹಾಕಿದರೆ ಎರಡು ಭೇಟಿ ಏನೂ ಅಲ್ಲ. ಅಳತೆಯ ಹೆಸರಿನಲ್ಲಿ ಕೈಬಿಸಿ ಮಾಡುವ ಹೊಸ ದಾರಿ ತೆರೆದಂತಾಗುತ್ತದೆ ಎನ್ನುವುದು ಇನ್ನೊಂದು. ಈ ಭಯಕ್ಕೆ ಕಾರಣವಿದೆ. ಅದಕ್ಕೇ ನೆರೆಯವರ ಸಹಿ, ಫೋಟೊ, ಗ್ರಾಮಸಭೆಯಲ್ಲಿ ಆ ಪಟ್ಟಿ ಓದುವುದು ಬೇಕೆನ್ನುತ್ತೇನೆ. ಅಡಗಿಸಿಟ್ಟ ಕಡತಕ್ಕೆ ಬೆಲೆ ಕಟ್ಟಬಹುದು, ಊರೆದುರು ಓದಿದ ಅಳತೆಗೆ ಕಟ್ಟುವುದು ಕಷ್ಟ.

ಎಲ್ಲಕ್ಕಿಂತ ಕಗ್ಗಂಟಾದದ್ದು ಕುಮ್ಕಿ ಜಾಗದ ಕೊಟ್ಟಿಗೆ. ವರ್ಗ ಜಾಗದ, ಅಂದರೆ ಪಟ್ಟಾ ಜಮೀನಿನ, ಅಂಚಿನಿಂದ ನಾಲ್ಕೂವರೆ ಚೈನ್ ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆದುಕೊಳ್ಳುವ ಸೌಲಭ್ಯ ದಕ್ಷಿಣ ಕನ್ನಡದ ಕೃಷಿಕರಿಗೆ ಹಿಂದಿನಿಂದ ಇದೆ, ಭೂ ಕಂದಾಯ ಕಾಯಿದೆಯ 79ನೇ ಕಲಂ ಅದನ್ನು ಉಳಿಸಿದೆ. ಸೊಪ್ಪು ತರುವ ಜಾಗದಲ್ಲೇ ಸೊಪ್ಪು ಒಟ್ಟುವ ಮಾಡು ಬಂದದ್ದು ಸಹಜ. ಆದರೆ ಕುಮ್ಕಿ ಸೌಲಭ್ಯವೇ ಹೊರತು ಒಡೆತನವಲ್ಲ. ಸರ್ಕಾರಿ ಜಾಗದಲ್ಲಿ ವಾಸದ ಮನೆ ಕಟ್ಟಿಕೊಂಡವರಿಗೆ ಅದನ್ನು ಸಕ್ರಮ ಮಾಡುವ ಅದೇ ಕಾಯಿದೆಯ 94ಸಿ ಕಲಂ ಇದೆ, ಬಿಡಿ ಕೊಟ್ಟಿಗೆಗೆ ಅಂಥ ಆಸರೆ ಇಲ್ಲ. ಇಲ್ಲಿ ನನ್ನ ನಿಲುವು ಕೆಲವರಿಗೆ ಹಿಡಿಸಲಾರದು. ಕುಮ್ಕಿಯಲ್ಲಿ ಕಂಬ ನೆಟ್ಟು ಹೊದೆಸಿದ, ಗೋಡೆಯಿಲ್ಲದ ಮಾಡು ಮೊದಲಿನಂತೆಯೇ ಇದ್ದರೆ ಮುಟ್ಟಬಾರದು. ಅಲ್ಲಿ ಕಲ್ಲಿನ ಪಂಚಾಂಗ ಹಾಕಿ ಗೋಡೆ ಎಬ್ಬಿಸಿದರೆ ಮಾತ್ರ ಅದು ಸೌಲಭ್ಯವನ್ನು ಒಡೆತನಕ್ಕೆ ತಿರುಗಿಸುವ ಕೆಲಸ. ಕುಮ್ಕಿ ಬಳಸುವ ಹತ್ತು ಜನರ ಸೊಪ್ಪಿನ ಗುಡ್ಡ ಹಾಗೆಯೇ ಒಬ್ಬೊಬ್ಬರ ಹಿತ್ತಿಲಾಗುತ್ತದೆ. ಅದನ್ನು ಆರಂಭದಲ್ಲೇ ನಿಲ್ಲಿಸಬೇಕು.

ಈಗಾಗಲೇ ಕಟ್ಟಿ ಆಗಿರುವುದರ ಗತಿ ಏನು ಎಂಬುದು ಉಳಿಯುತ್ತದೆ. ವರ್ಗ ಜಾಗದಲ್ಲಿ, ಹಳೇ ಪಂಚಾಂಗದ ಮೇಲೆ, ಕೃಷಿಯ ಬಳಕೆಗೇ ಇರುವ ಕೊಟ್ಟಿಗೆಗಳನ್ನು ಒಂದು ಬೇಸಗೆಯೊಳಗೆ ಅಳೆದು, ಫೋಟೊ ತೆಗೆದು, ದಂಡವಿಲ್ಲದೆ ಪಂಚಾಯತಿಯ ಪುಸ್ತಕಕ್ಕೆ ಏರಿಸಬೇಕು. ಹಾಗೆ ಏರಿಸಿದ್ದನ್ನು ಮುಂದೆ ಕರಾವಳಿ ನಿಯಂತ್ರಣ ವಲಯದಲ್ಲಾಗಲಿ, ಇ-ಸ್ವತ್ತಿನಲ್ಲಾಗಲಿ ಇದ್ದ ಕಟ್ಟಡ ಎಂದು ಒಪ್ಪಬೇಕು. ಕೊಟ್ಟಿಗೆಯ ಹೆಸರಿನಲ್ಲಿ ಎದ್ದ ಬಾಡಿಗೆ ಕೋಣೆ, ಗೋದಾಮು, ಅಂಗಡಿಗಳನ್ನು ಬೇರೆ ಪಟ್ಟಿ ಮಾಡಿ, ಬಾವಿಗೆ ಹತ್ತಿರದ ಶೌಚಗುಂಡಿ, ತೋಡಿನ ಮೇಲೆ ಬಂದ ಗೋಡೆ, ಹೊಳೆಯ ದಂಡೆ ಎಂಬ ಕ್ರಮದಲ್ಲಿ ಒಂದೊಂದಾಗಿ ಕೈಗೆತ್ತಿಕೊಳ್ಳಬೇಕು. ಮೊದಲ ನೋಟಿಸ್ ಆ ಎರಡನೇ ಪಟ್ಟಿಯವರಿಗೆ ಹೋಗಲಿ. ಸೌದೆ ಇಟ್ಟುಕೊಂಡವರಿಗೆ ಅಳತೆ ಬರೆದ ಒಂದು ಹಾಳೆ, ಪಂಚಾಯತಿಯ ಮೊಹರು ಹಾಕಿ, ಮನೆಬಾಗಿಲಿಗೆ ತಲುಪಲಿ.